ಸ್ಪೋರ್ಟ್ಸ್ ಕಾರಿನೊಳಗೆ ಮಾತು ಕೇಳಿಸಬೇಕೆಂದರೆ

ಕುಣಿಗಲ್ ದಾಟುವ ಹೊತ್ತಿಗೆ ನನ್ನಾಕೆ ‘ರೀ, ಏನಂದ್ರಿ?’ ಎಂದು ಕೇಳಿದ್ದು ಐದನೇ ಸಲ. ಚನ್ನರಾಯಪಟ್ಟಣ ಬರುವಷ್ಟರಲ್ಲಿ ಕೇಳುವುದನ್ನೇ ಬಿಟ್ಟು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಹಾಸನದಲ್ಲಿ ಇಳಿದಾಗ ಇಬ್ಬರ ಕಿವಿಯಲ್ಲೂ ಗುಂಯ್ ಎನ್ನುತ್ತಿತ್ತು, ತಲೆ ಭಾರ. ನನ್ನ ಕಾರು ಎರಡು ಬಾಗಿಲಿನದು, ಸೆಕೆಂಡ್ ಹ್ಯಾಂಡ್, ನೆಲಕ್ಕೆ ಅಂಟಿಕೊಂಡಂತೆ ಕೂತಿರುವಂಥದ್ದು. ಎಂಜಿನ್ನಿನ ಸದ್ದಿಗೆ ಮನಸೋತು ಕೊಂಡವನು ನಾನು. ಹೆದ್ದಾರಿಗೆ ಹೋದರೆ ಆ ಎಂಜಿನ್ನೇ ಕೇಳಿಸುವುದಿಲ್ಲ. ಕೇಳಿಸುವುದು ಟೈರು, ಗಾಳಿ, ಮತ್ತೆ ಟೈರು.

ನಾವಿರುವುದು ಶ್ರೀಗಂಧದ ಕಾವಲಿನಲ್ಲಿ. ಹೆಸರಿನಲ್ಲಿ ಗಂಧವೂ ಉಂಟು, ದನ ಮೇಯುವ ಕಾವಲೂ ಉಂಟು. ಈಗ ಇರುವುದು 30×40 ಸೈಟುಗಳು, ಬೀದಿಗೆ ಎರಡು ಮೂರು ಹಂಪು. ಆದರೆ ಊರು ಬಿಟ್ಟು ಹೊರಡುವವರಿಗೆ ಆಯಕಟ್ಟಿನ ಜಾಗ. ಮಾಗಡಿ ರಸ್ತೆಗೆ ಬಿದ್ದು ನೈಸ್ ರಸ್ತೆ ಹತ್ತಿದರೆ ಒಂದು ಕಡೆ ತುಮಕೂರು ರಸ್ತೆ, ನೆಲಮಂಗಲ, ಹಾಸನ. ಇನ್ನೊಂದು ಕಡೆ ಮೈಸೂರು ರಸ್ತೆ. ರಬ್ಬರು, ಫೋಮು, ಶೀಟ್ ಮೆಟಲ್ ಎಂದರೆ ಕಾಮಾಕ್ಷಿಪಾಳ್ಯ ಮತ್ತು ಪೀಣ್ಯದ ಶೆಡ್ಡುಗಳು ದೂರವೇನಲ್ಲ. ಕಾರಿನ ಸದ್ದು ಇಳಿಸಬೇಕು ಎನ್ನುವವನಿಗೆ ಇದಕ್ಕಿಂತ ಒಳ್ಳೆಯ ವಿಳಾಸ ಸಿಗಲಿಕ್ಕಿಲ್ಲ. ಎರಡು ವರ್ಷ ದುಡ್ಡು ಕಳೆದು, ಆಮೇಲೆ ಸ್ವಲ್ಪ ಬುದ್ಧಿ ಬಂದು ಕಲಿತದ್ದು ಇದು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಒಂದು ಅಂಗಡಿಗೆ ಗಾಡಿ ಬಿಟ್ಟು, ‘ಪೂರ್ತಿ ಡ್ಯಾಂಪಿಂಗ್ ಶೀಟ್ ಹೊಡೆದುಬಿಡಿ’ ಎಂದೆ. ಮೂರು ದಿನ, 32,000 ರೂಪಾಯಿ. ಬಾಗಿಲು ಹಾಕಿದರೆ ‘ಧಪ್’ ಎಂದು ಗಂಭೀರವಾಗಿ ಕೂರುತ್ತಿತ್ತು. ಹತ್ತು ಸಲ ಹಾಕಿ ತೆಗೆದು ಖುಷಿಪಟ್ಟೆ. ಮುಂದಿನ ವಾರ ಹಾಸನಕ್ಕೆ ಹೊರಟೆವು. ಕುಣಿಗಲ್‌ನಲ್ಲಿ ಮತ್ತೆ ‘ರೀ, ಏನಂದ್ರಿ?’

ಹೀಗೇಕಾಯಿತು ಎನ್ನುವುದಕ್ಕೆ ಡೆಸಿಬೆಲ್ ಲೆಕ್ಕ ಗೊತ್ತಿರಬೇಕು. ಡೆಸಿಬೆಲ್ಲನ್ನು ನಮ್ಮ ರೂಪಾಯಿ ಹಾಗೆ ಕೂಡಿ ಕಳೆಯಲಾಗುವುದಿಲ್ಲ. ಸದ್ದಿನ ಶಕ್ತಿ ಎರಡರಷ್ಟಾದರೆ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ‘ಸದ್ದು ಅರ್ಧವಾಯಿತು’ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಟೈರಿನದು 72, ಬಾಗಿಲ ತಗಡಿನದು 62 ಎಂದಿಟ್ಟುಕೊಳ್ಳಿ. ಎರಡೂ ಸೇರಿದರೆ 72.4. ತಗಡಿನ ಸದ್ದನ್ನು ಪೂರಾ ಅಳಿಸಿಬಿಟ್ಟರೂ ಲಾಭ ಅರ್ಧ ಡೆಸಿಬೆಲ್ ಕೂಡ ಇಲ್ಲ. ಅದರ ಬದಲು ಟೈರನ್ನು 72ರಿಂದ 66ಕ್ಕೆ ಇಳಿಸಿದರೆ ಒಟ್ಟು ಸದ್ದು ಸುಮಾರು 67.5ಕ್ಕೆ ಬರುತ್ತದೆ. ದೊಡ್ಡ ಗಂಟಲಿನವನು ಮಾತಾಡುತ್ತಿರುವಾಗ ಮೂಲೆಯಲ್ಲಿ ಪಿಸುಗುಟ್ಟುವವನ ಬಾಯಿ ಮುಚ್ಚಿಸಿದ ಕೆಲಸ ನನ್ನದಾಗಿತ್ತು.

ಯಾವ ಸದ್ದು ಎಂದು ಮೊದಲು ಕರೆಯಿರಿ

ಕನ್ನಡದಲ್ಲಿ ಅನುಕರಣ ಶಬ್ದಗಳಿಗೆ ಬರವಿಲ್ಲ. ಕಾರಿನ ಮಟ್ಟಿಗೆ ಅವು ಮೀಟರಿಗಿಂತ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. ‘ಗೊರ್’ ಎನ್ನುವುದು ಒರಟು ಡಾಂಬರಿನ ಮೇಲೆ ಟೈರು. ‘ಗುಂಯ್’ ಎಂದು ಒಂದೇ ಸ್ವರದಲ್ಲಿ ಎಳೆಯುವುದು ಟೈರಿನ ಒಳಗಾಳಿ, ಸವೆದ ಟೈರು ಅಥವಾ ಬೇರಿಂಗು. ‘ಸುಯ್’ ಎಂದರೆ ಗಾಳಿ, ಎಲ್ಲೋ ಸಂದು ಬಿಟ್ಟಿದೆ. ‘ಬೂಂ’ ಎಂದು ಎದೆಗೆ ಒತ್ತುವುದು ಸೈಲೆನ್ಸರು. ‘ದಡ್ ದಡ್’ ಮೇಲ್ಸೇತುವೆಯ ಜಾಯಿಂಟು ಮತ್ತು ಹಳೆಯ ಬುಶ್ಶು. ‘ಕಟಕಟ’ ಒಳಗಿನ ಪ್ಲಾಸ್ಟಿಕ್ಕು. ಗ್ಯಾರೇಜಿಗೆ ಹೋಗಿ ‘ತುಂಬಾ ಸೌಂಡು’ ಎಂದರೆ ಅವರಿಗೆ ಏನು ತೋಚುತ್ತದೋ ಅದನ್ನು ಮಾಡುತ್ತಾರೆ. ‘ಎಂಬತ್ತರಲ್ಲಿ ಹಿಂದಿನಿಂದ ಗುಂಯ್ ಅನ್ನುತ್ತೆ, ರಸ್ತೆ ಬದಲಾದರೂ ಸ್ವರ ಬದಲಾಗಲ್ಲ’ ಎಂದರೆ ಕೆಲಸ ಅರ್ಧ ಮುಗಿದ ಹಾಗೆ.

ಇದಕ್ಕೆ ಭಾನುವಾರ ಬೆಳಗಿನ ಜಾವವೇ ಸರಿ. ಐದೂವರೆಗೆ ನೈಸ್ ರಸ್ತೆಯಲ್ಲಿ ಲಾರಿಗಳು ಕಡಿಮೆ. ಗಾಜು ಏರಿಸಿ, ಹಾಡು ನಿಲ್ಲಿಸಿ, ಎ.ಸಿ. ಬ್ಲೋವರನ್ನೂ ಆಫ್ ಮಾಡಿ, 80ರಲ್ಲಿ ಒಂದೇ ಸಮ ಓಡಿಸಿ. ಪಕ್ಕದಲ್ಲಿ ಕೂತವರು ಫೋನಿನ ಡೆಸಿಬೆಲ್ ಆ್ಯಪ್ ನೋಡಿ ಬರೆದುಕೊಳ್ಳಲಿ. ಫೋನಿನ ಅಂಕಿ ನಿಖರವಲ್ಲ, ಪರವಾಗಿಲ್ಲ. ಅದೇ ಫೋನು, ಅದೇ ಜಾಗ, ಅದೇ ವೇಗ ಆದರೆ ಹಿಂದಿನ ವಾರಕ್ಕೂ ಈ ವಾರಕ್ಕೂ ಹೋಲಿಸಲು ಸಾಕು. ರಸ್ತೆಯ ಮೇಲ್ಮೈ ಬದಲಾಗುವ ಕಡೆ ಸದ್ದೂ ಥಟ್ಟನೆ ಬದಲಾದರೆ ಟೈರು. ಖಾಲಿ ರಸ್ತೆಯಲ್ಲಿ ಸ್ಟೀರಿಂಗನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತೂಗಿದಾಗ ಒಂದು ಕಡೆ ‘ಗುಂಯ್’ ಏರಿ ಇನ್ನೊಂದು ಕಡೆ ಇಳಿದರೆ ಬೇರಿಂಗು. ತಿರುವಿನಲ್ಲಿ ಹೊರಗಡೆಯ ಚಕ್ರದ ಮೇಲೆ ಭಾರ ಬೀಳುತ್ತದಲ್ಲ, ಅದಕ್ಕೆ. ಆಕ್ಸಿಲರೇಟರ್ ಬಿಟ್ಟಕೂಡಲೇ ನಿಂತುಹೋಗುವುದಾದರೆ ಸೈಲೆನ್ಸರು ಅಥವಾ ಎಂಜಿನ್ ಮೌಂಟಿಂಗು.

ಗಾಳಿಯ ಪರೀಕ್ಷೆಗೆ ಬೇಕಾದದ್ದು ಪೇಂಟಿನವರು ಅಂಟಿಸುವ ಮಾಸ್ಕಿಂಗ್ ಟೇಪು ಮಾತ್ರ. ಬಾಗಿಲಿನ ಸಂದು, ಕನ್ನಡಿಯ ಬುಡ, ಗಾಜಿನ ಅಂಚು, ಎಲ್ಲದರ ಮೇಲೂ ಹೊರಗಿನಿಂದ ಟೇಪು ಅಂಟಿಸಿ ಅದೇ ದಾರಿಯಲ್ಲಿ ಹೋಗಿ ಬನ್ನಿ. ಒಳಗಿನಿಂದ ಬಾಗಿಲು ತಳ್ಳಿದರೆ ಟೇಪು ಹರಿದು ತೆರೆದುಕೊಳ್ಳುತ್ತದೆ, ಭಯವಿಲ್ಲ. ಸದ್ದು ಇಳಿದರೆ ವಾಪಸ್ಸು ಬರುವಾಗ ಒಂದೊಂದೇ ಪಟ್ಟಿ ಕಿತ್ತು ನೋಡಿ, ಯಾವುದನ್ನು ಕಿತ್ತಾಗ ‘ಸುಯ್’ ಮರಳಿತೋ ಅದೇ ಕಳ್ಳ. ನಾನು ಹೀಗೆ ಟೇಪು ಸುತ್ತಿಕೊಂಡು ಹೊರಟಾಗ ಎದುರುಮನೆಯವರು ಹಾಲಿನ ಪ್ಯಾಕೆಟ್ ಹಿಡಿದು ನಿಂತು, ‘ಪೇಂಟ್ ಮಾಡಿಸ್ತಿದ್ದೀರಾ ಸಾರ್, ಯಾವ ಕಲರ್?’ ಎಂದರು.

ಇಂಥ ಗಾಡಿಗಳು ಮೊದಲೇ ಯಾಕೆ ಗಲಾಟೆ ಎನ್ನುವುದನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಗಲ ಟೈರು, ಗಿಡ್ಡ ಪಕ್ಕಗೋಡೆ, ಗಟ್ಟಿ ಬುಶ್ಶು, ತೂಕ ಉಳಿಸಲೆಂದು ಕಡಿಮೆ ಹಾಕಿದ ಇನ್ಸುಲೇಷನ್ನು, ಚೌಕಟ್ಟಿಲ್ಲದ ಬಾಗಿಲ ಗಾಜು. ಜೊತೆಗೆ ಹಿಂದಿನ ಚಕ್ರ ನಿಮ್ಮ ಬೆನ್ನ ಹಿಂದೆಯೇ ತಿರುಗುತ್ತಿರುತ್ತದೆ. ಸೆಡಾನಿನಂತೆ ನಡುವೆ ಹಿಂದಿನ ಸೀಟು, ಡಿಕ್ಕಿ ಎಂಬ ಎರಡು ಗೋಡೆ ಇರುವುದಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿಯವರು ಬ್ರಿಟನ್ನಿನ ರಿಲಯಂಟ್ ಕಿಟನ್ ಅಚ್ಚಿನಲ್ಲಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಫೈಬರ್ ಕಾರು ತಂದಿದ್ದರು. ಅದು ಹಗುರ ಎಂಬ ಕಾರಣಕ್ಕೇ ರ‍್ಯಾಲಿಯವರಿಗೆ ಅಚ್ಚುಮೆಚ್ಚು. ಆಮೇಲೆ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಎರಡೇ ಸೀಟಿನದು, ಫೈಬರ್ ಮೈ, ಮಡಚುವ ಬಟ್ಟೆಯ ಟಾಪು. ತೂಕ ಕಡಿಮೆಯಿದ್ದಷ್ಟೂ ಓಟ ಚೆನ್ನ, ತಡೆಯುವ ಗೋಡೆ ತೆಳುವಾದಷ್ಟೂ ಸದ್ದು ಜಾಸ್ತಿ. ಈ ಚೌಕಾಸಿಯಲ್ಲಿ ಎರಡೂ ಕಡೆ ಗೆದ್ದ ಕಾರು ಅಗ್ಗಕ್ಕೆ ಸಿಗುವುದಿಲ್ಲ.

ಟೈರು, ಅದೂ ಅಂಗೈಯಿಂದ

ನನ್ನ ಕಾರಿನ ‘ಗುಂಯ್’ಗೆ ಒಂದು ಗ್ಯಾರೇಜಿನಲ್ಲಿ ಹಿಂದಿನ ಎರಡೂ ಬೇರಿಂಗು ಹೋಗಿವೆ ಎಂದಿದ್ದರು. ಸುಂಕದಕಟ್ಟೆ ಕಡೆ ವೀಲ್ ಅಲೈನ್‌ಮೆಂಟ್ ಮಾಡುವ ಹುಡುಗನೊಬ್ಬ ಚಕ್ರ ಎತ್ತಿ ತಿರುಗಿಸಿ ನೋಡಿ ನಕ್ಕ. ‘ಸಾರ್, ಬೇರಿಂಗು ಬೆಣ್ಣೆ ಹಂಗೈತೆ. ಕೈ ತನ್ನಿ ಇಲ್ಲಿ’ ಎಂದು ನನ್ನ ಅಂಗೈಯನ್ನು ಟೈರಿನ ಮೇಲಿಟ್ಟು ಒಂದು ದಿಕ್ಕಿಗೆ ಸವರಿಸಿದ. ನುಣ್ಣಗಿತ್ತು. ಅದೇ ಜಾಗದಲ್ಲಿ ಹಿಂದಕ್ಕೆ ಎಳೆಸಿದ. ಗರಗಸದ ಹಲ್ಲಿನಂತೆ ಅಂಗೈಗೆ ಕಚ್ಚಿತು. ಟೈರಿನ ಪ್ರತಿ ಕಟ್ಟೆಯೂ ಒಂದು ಅಂಚಿನಲ್ಲಿ ಹೆಚ್ಚು ಸವೆದು ಇನ್ನೊಂದು ಅಂಚಿನಲ್ಲಿ ಎದ್ದು ನಿಂತಿತ್ತು. ಓಡುವಾಗ ಈ ನೂರಾರು ಹಲ್ಲುಗಳು ಒಂದಾದ ಮೇಲೊಂದು ರಸ್ತೆಗೆ ಬಡಿಯುವುದೇ ಆ ‘ಗುಂಯ್’. ಕೇಳಲು ಸಾಕ್ಷಾತ್ ಬೇರಿಂಗಿನ ಸದ್ದು. ಎರಡು ಬೇರಿಂಗಿನ ಖರ್ಚು ಆ ಒಂದು ಸವರಿನಲ್ಲಿ ಉಳಿಯಿತು.

ಹೀಗೆ ಸವೆಯುವುದಕ್ಕೆ ಮುಖ್ಯ ಕಾರಣ ಅಲೈನ್‌ಮೆಂಟು, ಅದರಲ್ಲೂ ಚಕ್ರಗಳ ಒಳಮುಖ ಹೊರಮುಖದ ಕೋನ. ನಮ್ಮ ಕಡೆಯ ಹಂಪು, ಗುಂಡಿಗಳಿಗೆ ಅದು ಬೇಗ ತಪ್ಪುತ್ತದೆ. ಎಷ್ಟೋ ಕಡೆ ಮುಂದಿನ ಚಕ್ರ ಮಾತ್ರ ನೋಡಿ ಕಳಿಸುತ್ತಾರೆ. ಇಂಥ ಗಾಡಿಗಳಲ್ಲಿ ಹಿಂದಿನವನ್ನೂ ಸರಿಮಾಡಬಹುದು, ನಾಲ್ಕೂ ಚಕ್ರದ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಒಮ್ಮೆ ಹಲ್ಲು ಮೂಡಿದ ಮೇಲೆ ಅಲೈನ್‌ಮೆಂಟ್ ಸರಿಮಾಡಿದರೂ ಸದ್ದು ತಕ್ಷಣ ಹೋಗುವುದಿಲ್ಲ. ಟೈರನ್ನು ಮುಂದೆ ಹಿಂದೆ ಬದಲಿಸಿದರೆ ನಿಧಾನವಾಗಿ ತಗ್ಗೀತು. ಆದರೆ ಹಿಂದೆ ಅಗಲ, ಮುಂದೆ ಕಿರಿದು ಟೈರಿರುವ ಗಾಡಿಗಳಲ್ಲಿ ಆ ದಾರಿಯೂ ಇಲ್ಲ. ಟೈರಿನ ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದು ಓಡುವ ದಿಕ್ಕು. ಹೊರಬದಿ ಎಂಬ ಗುರುತಿದ್ದರೆ ಆ ಬದಿಯೇ ಹೊರಗಿರಬೇಕು. ಪಂಕ್ಚರ್ ಹಾಕಿಸಿ ಬಂದ ಮೇಲೆ ಸದ್ದು ಶುರುವಾಯಿತು ಎನ್ನುವವರು ಮೊದಲು ಇದನ್ನು ನೋಡಿಕೊಳ್ಳಿ.

ಈಗ ಟೈರಿನ ಒಳಗಾಳಿಯ ವಿಷಯ. ಜಲ್ಲಿ ಎದ್ದ ರಸ್ತೆಯಲ್ಲಿ ಖಾಲಿ ಕೊಳಗ ಬಡಿದಂತೆ ಒಂದು ಸ್ವರ ಕೇಳಿಸುತ್ತದಲ್ಲ, ಅದು ಟೈರು ಮತ್ತು ರಿಮ್ ನಡುವಿನ ಗಾಳಿಯ ಉಂಗುರ ಅನುರಣಿಸುವ ಸದ್ದು. 225/45 ಆರ್ 17 ಟೈರಿನ ಹೊರ ವ್ಯಾಸ ಸುಮಾರು 634 ಮಿ.ಮೀ., ರಿಮ್ಮಿನದು 432. ಸರಾಸರಿ 533 ಮಿ.ಮೀ. ವ್ಯಾಸದ ಗಾಳಿ ಉಂಗುರದ ಸುತ್ತಳತೆ ಸುಮಾರು 1.67 ಮೀಟರ್. ಗಾಳಿಯಲ್ಲಿ ಸದ್ದು ಸೆಕೆಂಡಿಗೆ 343 ಮೀಟರ್ ಹೋಗುತ್ತದೆ. ಭಾಗಿಸಿದರೆ ಸುಮಾರು 205 ಹರ್ಟ್ಜ್. ಈ ಸ್ವರ ಗಾಳಿಯ ಮೂಲಕ ಬರುವುದಿಲ್ಲ. ರಿಮ್ಮು, ಬೇರಿಂಗು, ಸಸ್ಪೆನ್ಷನ್ನಿನ ಕೈಗಳ ಮೂಲಕ ಕಬ್ಬಿಣದಲ್ಲೇ ನಡೆದು ಒಳಗೆ ಬರುತ್ತದೆ. ಬಾಗಿಲಿಗೆ ಎಷ್ಟು ಶೀಟು ಹೊಡೆದರೂ ಇದು ಜಗ್ಗದಿರುವುದು ಅದಕ್ಕೇ.

ಜಗ್ಗಿಸುವ ಒಂದು ದಾರಿ ಎಂದರೆ ಒಳಗೆ ಪಾಲಿಯುರಥೇನ್ ಫೋಮ್ ಪಟ್ಟಿ ಅಂಟಿಸಿದ ಟೈರು. ಕಾಂಟಿನೆಂಟಲ್, ಪಿರೆಲ್ಲಿ, ಮಿಷೆಲಿನ್, ಗುಡ್‌ಇಯರ್ ಎಲ್ಲರೂ ಮಾಡುತ್ತಾರೆ. ಕೆಲವು ದುಬಾರಿ ಕಾರು, ಎಲೆಕ್ಟ್ರಿಕ್ ಕಾರುಗಳಿಗೆ ಕಂಪನಿಯಿಂದಲೇ ಬರುತ್ತವೆ. ಕೊಳ್ಳುವ ಮುನ್ನ ಎರಡು ಸಂಗತಿ ನೆನಪಿರಲಿ. ಅದು ಆ ಒಳಸ್ವರವನ್ನು ಮಾತ್ರ ತಗ್ಗಿಸುತ್ತದೆ, ‘ಗೊರ್’ ಎನ್ನುವುದನ್ನಲ್ಲ. ಮತ್ತೆ, ಇದರ ಪಂಕ್ಚರ್ ಸರಿಯಾಗಿ ಹಾಕಬೇಕಾದರೆ ಟೈರು ಬಿಚ್ಚಿ, ಆ ಜಾಗದ ಫೋಮ್ ಕತ್ತರಿಸಿ, ಒಳಗಿನಿಂದ ಪ್ಯಾಚ್ ಹಾಕಬೇಕು. ಹೆದ್ದಾರಿ ಬದಿಯ ಅಂಗಡಿಯಲ್ಲಿ ಅಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ.

ಹೊಸ ಟೈರು ಹಾಕುವ ಸರದಿ ಬಂದಾಗ ಟ್ರ್ಯಾಕಿಗೆಂದು ಮಾಡಿದ ಹಿಡಿತದ ಟೈರು ಬಿಟ್ಟು ಟೂರಿಂಗ್ ಜಾತಿಯದನ್ನು ಆರಿಸಿ. ಮಿಷೆಲಿನ್ನಿನ ಪ್ರೈಮಸಿ, ಬ್ರಿಜ್‌ಸ್ಟೋನಿನ ಟುರಾಂಜಾ, ಯೊಕೊಹಾಮಾದ ಅಡ್ವಾನ್ ಡಿಬಿ ಈ ಸಾಲಿನವು. ಕೊನೆಯದರ ಹೆಸರಿನಲ್ಲೇ ಡೆಸಿಬೆಲ್ ಇದೆ. ತಿರುವಿನಲ್ಲಿ ಸ್ವಲ್ಪ ಚುರುಕು ಕಡಿಮೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಭಾರದ ಅಂಕಿ, ವೇಗದ ಅಕ್ಷರ ಮಾತ್ರ ಕಂಪನಿ ಹೇಳಿದ್ದಕ್ಕಿಂತ ಕಡಿಮೆಯಾಗಬಾರದು. ಯುರೋಪಿನ ಲೇಬಲ್ಲಿನಲ್ಲಿ ಸದ್ದಿಗೆ ಎ, ಬಿ, ಸಿ ಎಂದು ದರ್ಜೆ ಇರುತ್ತದೆ. ನಮ್ಮಲ್ಲೂ 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಎಐಎಸ್-142 ಎಂಬ ಮಾನದಂಡದಡಿ ಟೈರಿನ ಉರುಳುವಿಕೆಯ ಸದ್ದಿಗೂ ಮಿತಿ ಇಟ್ಟಿತು. ಆದರೆ ಇವೆಲ್ಲ ರಸ್ತೆ ಬದಿಯಲ್ಲಿ ನಿಂತವನ ಕಿವಿಗೆ ಅಳೆದದ್ದು, ಒಳಗೆ ಕೂತವನ ಕಿವಿಗಲ್ಲ. ಸುಳಿವೆಂದು ತಿಳಿಯಿರಿ, ಭರವಸೆಯೆಂದಲ್ಲ.

ಹದಿನೆಂಟು ಇಂಚಿನ ರಿಮ್ಮಿನಿಂದ ಹದಿನೇಳಕ್ಕೆ ಇಳಿಯುವುದು ಇನ್ನೂ ಒಳ್ಳೆಯ ಉಪಾಯ, ಕಂಪನಿಯವರೇ ಆ ಗಾಡಿಗೆ ಹದಿನೇಳು ಕೊಟ್ಟಿದ್ದರೆ. 225/40 ಆರ್ 18ರ ವ್ಯಾಸ 637 ಮಿ.ಮೀ., 225/45 ಆರ್ 17ರದು 634. ಸ್ಪೀಡೋಮೀಟರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಪಕ್ಕಗೋಡೆ ಒಂದು ಸೆಂಟಿಮೀಟರು ಎತ್ತರವಾದದ್ದಕ್ಕೆ ಹಂಪು, ಗುಂಡಿ, ಜಾಯಿಂಟು ಎಲ್ಲವೂ ಮೆತ್ತಗಾಗುತ್ತವೆ. ಬ್ರೇಕ್ ಕ್ಯಾಲಿಪರಿಗೆ ರಿಮ್ಮು ತಾಗುತ್ತದೆಯೇ ಎಂದು ಹಾಕಿ ನೋಡಿ ಕೊಳ್ಳಿ. ನೋಟಕ್ಕೆ ಗಾಡಿ ಸ್ವಲ್ಪ ಬಡಕಲಾಗಿ ಕಾಣುತ್ತದೆ. ನನ್ನಾಕೆಗೆ ವ್ಯತ್ಯಾಸವೇ ಕಾಣಲಿಲ್ಲ.

ಖರ್ಚಿಲ್ಲದ ಕೆಲಸವೊಂದಿದೆ: ಗಾಳಿಯ ಒತ್ತಡ. ಬಂಕಿನಲ್ಲಿ ಕೇಳದೆಯೇ ಮೂವತ್ತೈದು, ಮೂವತ್ತೆಂಟು ಹೊಡೆದುಬಿಡುತ್ತಾರೆ. ಡ್ರೈವರ್ ಬಾಗಿಲ ಕಂಬದ ಮೇಲಿನ ಚೀಟಿ ನೋಡಿ, ಬೆಳಿಗ್ಗೆ ಟೈರು ತಣ್ಣಗಿರುವಾಗ ಅಷ್ಟೇ ಹಾಕಿಸಿ. ಹೆಚ್ಚಾದರೆ ಟೈರು ಡೋಲಿನಂತೆ ಬಿಗಿಯುತ್ತದೆ. ಸದ್ದಿಗಾಗಿ ಚೀಟಿಗಿಂತ ಕಡಿಮೆಗೆ ಮಾತ್ರ ಇಳಿಸಬೇಡಿ, ಹೆದ್ದಾರಿಯ ವೇಗದಲ್ಲಿ ಟೈರು ಕಾಯುತ್ತದೆ.

ಮತ್ತೆ, ಎಲ್ಲವೂ ಕಾರಿನ ತಪ್ಪಲ್ಲ. ಹೊರವರ್ತುಲ ರಸ್ತೆಯ ವೈಟ್‌ಟಾಪಿಂಗ್ ಮೇಲೆ, ಶಿರಾಡಿ ಘಾಟಿಯ ಕಾಂಕ್ರೀಟಿನ ಮೇಲೆ ಎಂಥ ಕಾರೂ ಹಾಡುತ್ತದೆ. ಕಾಂಕ್ರೀಟಿಗೆ ಜಾರದಿರಲೆಂದು ಅಡ್ಡ ಗೀರು ಎಳೆದಿರುತ್ತಾರೆ. ಒಂದೇ ಅಂತರದ ಗೀರಾದರೆ ಒಂದೇ ಸ್ವರ ಏಳುತ್ತದೆ. ಮೈಸೂರು ಹೆದ್ದಾರಿಯಲ್ಲಿ ಮದ್ದೂರಿನ ಮೇಲ್ಸೇತುವೆಯ ‘ದಡ್ ದಡ್’ ಕೂಡ ಹಾಗೇ. ಅಲ್ಲಿ ಕೇಳಿದ್ದನ್ನು ನಂಬಿ ಶಾಕ್ ಅಬ್ಸಾರ್ಬರ್ ಬದಲಿಸಲು ಹೋಗಬೇಡಿ.

ಸಂದುಗೊಂದು

ಗಾಳಿಯ ಸದ್ದಿನ ಶಕ್ತಿ ವೇಗದ ಸುಮಾರು ಆರನೇ ಘಾತದಷ್ಟು ಏರುತ್ತದೆ. 80ರಿಂದ 100ಕ್ಕೆ ಹೋದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು, ಅಂದರೆ 6 ಡೆಸಿಬೆಲ್ ಸನಿಹ. ಟೈರಿನದು ಅಷ್ಟು ಜೋರಾಗಿ ಏರುವುದಿಲ್ಲ, 3ರಿಂದ 4 ಡೆಸಿಬೆಲ್. ಆದ್ದರಿಂದ ಊರೊಳಗೆ ಗೊತ್ತೇ ಆಗದ ಒಂದು ಸಣ್ಣ ಸಂದು ಬಿಡದಿ ದಾಟಿದ ಮೇಲೆ ಸೀಟಿ ಊದತೊಡಗುತ್ತದೆ.

ಬಾಗಿಲ ಬೀಡಿಂಗ್ ನೋಡುವುದಕ್ಕೆ ಹತ್ತು ರೂಪಾಯಿ ನೋಟು ಸಾಕು. ನೋಟನ್ನು ಬೀಡಿಂಗ್ ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಒತ್ತು ಇಲ್ಲ. ಇನ್ನೂ ಚೆನ್ನಾಗಿ ಕಾಣಬೇಕೆಂದರೆ ರಬ್ಬರಿನ ಉದ್ದಕ್ಕೂ ತೆಳುವಾಗಿ ವಿಭೂತಿ ಸವರಿ ಬಾಗಿಲು ಹಾಕಿ ತೆಗೆಯಿರಿ. ಎದುರಿನ ಲೋಹದ ಮೇಲೆ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿಂದ ಗಾಳಿ ಬರುತ್ತಿದೆ. (ಕುಂಕುಮ ಬೇಡ, ಕಲೆ ಹೋಗುವುದಿಲ್ಲ.) ರಬ್ಬರು ಒಣಗಿದ್ದಷ್ಟೇ ಆದರೆ ಸಿಲಿಕೋನ್ ಗ್ರೀಸು ಸವರಿದರೆ ಮತ್ತೆ ಉಬ್ಬಿ ಮೆತ್ತಗಾಗುತ್ತದೆ. ಎಂಜಿನ್ ಆಯಿಲ್, ಪೆಟ್ರೋಲಿಯಂ ಜೆಲ್ಲಿ ರಬ್ಬರಿಗೆ ಶತ್ರು. ಚೌಕಟ್ಟಿಲ್ಲದ ಗಾಜಿನ ಬಾಗಿಲುಗಳಲ್ಲಿ ಗಾಜು ಎಷ್ಟು ಒಳಕ್ಕೆ ವಾಲಬೇಕು ಎಂಬುದಕ್ಕೆ ಒಳಗೆ ಬೋಲ್ಟ್ ಹೊಂದಾಣಿಕೆ ಇರುತ್ತದೆ. ಅದು ಗೊತ್ತಿರುವವನ ಕೈಯಲ್ಲೇ ಮಾಡಿಸಬೇಕು.

ನನ್ನ ಗಾಡಿಯಲ್ಲಿ ಸಿಕ್ಕ ಎರಡು ಕಳ್ಳರು ಬಾಗಿಲಿನಲ್ಲಿರಲಿಲ್ಲ. ಒಂದು ಹೊಟ್ಟೆಯ ಕೆಳಗೆ. ಹಂಪಿಗೆ ಉಜ್ಜಿ ಉಜ್ಜಿ ಎಂಜಿನ್ನಿನಡಿಯ ಪ್ಲಾಸ್ಟಿಕ್ ಕವರಿನ ಕ್ಲಿಪ್ಪುಗಳು ಉದುರಿ, ಅದರ ಹಿಂದಿನ ಅಂಚು ಜೋತುಬಿದ್ದಿತ್ತು. 90 ದಾಟಿದರೆ ಅದು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ನಮ್ಮ ಬಡಾವಣೆಯ ಯಾವ ತಗ್ಗು ಗಾಡಿಯೂ ಇದರಿಂದ ಪಾರಾಗಿರಲಿಕ್ಕಿಲ್ಲ. ಚಕ್ರದ ಮೇಲಿನ ಲೈನಿಂಗಿನ ಗತಿಯೂ ಅದೇ. ಲಿಫ್ಟ್ ಮೇಲೆ ಎತ್ತಿಸಿದಾಗ ಒಂದು ಸುತ್ತು ಕೈ ಹಾಕಿ ಅಲ್ಲಾಡಿಸಿ ನೋಡಿ. ಇನ್ನೊಂದು ಕಳ್ಳ ಹಿಂದಿನ ಮಾಲೀಕರ ಕೊಡುಗೆ. ಆಂಪ್ಲಿಫೈಯರಿಗೆಂದು ಬ್ಯಾಟರಿಯಿಂದ ವೈರು ಎಳೆಯಲು ಎಂಜಿನ್ ಗೋಡೆಯಲ್ಲಿ ಬೆರಳಗಲ ತೂತು ಕೊರೆದು, ವೈರು ಬಿಚ್ಚಿಕೊಂಡು ತೂತು ಬಿಟ್ಟುಹೋಗಿದ್ದರು. ರಾತ್ರಿ ದೀಪ ಆರಿಸಿ, ಬಾನೆಟ್ ಕೆಳಗೆ ಟಾರ್ಚ್ ಇಟ್ಟು, ಒಳಗೆ ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿದಾಗ ನಕ್ಷತ್ರದಂತೆ ಮಿನುಗಿತು. ಒಂದು ರಬ್ಬರ್ ಗ್ರಾಮೆಟ್ ಹಾಕಿದ ಮೇಲೆ ಎಂಜಿನ್ನಿನ ಒರಟು ಕಡಿಮೆಯಾಯಿತು. 32,000ದ ಶೀಟಿಗಿಂತ ಆ ಗ್ರಾಮೆಟ್ ಹೆಚ್ಚು ಕೆಲಸ ಮಾಡಿತು ಎಂದರೆ ಅಂಗಡಿಯವರಿಗೆ ಬೇಸರವಾದೀತು.

ಇಷ್ಟಾದ ಮೇಲೆ ಶೀಟು

ಡ್ಯಾಂಪಿಂಗ್ ಶೀಟು ಸದ್ದನ್ನು ತಡೆಯುವ ಗೋಡೆ ಅಲ್ಲ. ಅದರ ಕೆಲಸ ತಗಡು ಕಂಪಿಸದಂತೆ ಹಿಡಿಯುವುದು. ತಗಡಿನ ಅಲುಗಾಟವನ್ನು ಬ್ಯುಟೈಲ್ ರಬ್ಬರಿನ ಪದರ ತಾನು ತಿಂದು ಶಾಖ ಮಾಡಿ ಕಳೆಯುತ್ತದೆ; ಮೇಲಿನ ಅಲ್ಯೂಮಿನಿಯಂ ಹಾಳೆ ಅದನ್ನು ಬಿಗಿಯಾಗಿಡುತ್ತದೆ. ಆದ್ದರಿಂದ ಇಡೀ ಬಾಗಿಲಿಗೆ ಹೊದಿಸಬೇಕಾಗಿಲ್ಲ. ತಗಡಿನ ಕಾಲುಭಾಗದಿಂದ ಶೇ 40ರವರೆಗೆ, ಅದೂ ನಟ್ಟನಡುವಿನ ಅಗಲವಾದ ಬಯಲಿಗೆ ಅಂಟಿಸಿದರೆ ಲಾಭದ ಬಹುಪಾಲು ಸಿಕ್ಕಿತು. ಎಲ್ಲಿ ಬೇಕು ಎಂದು ತಿಳಿಯಲು ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ಗೆಣ್ಣಿನಿಂದ ತಟ್ಟಿ. ‘ಠಣ್’ ಎಂದರೆ ಹಸಿ, ಶೀಟು ಬೇಕು; ‘ದಬ್’ ಎಂದರೆ ಆಗಿದೆ, ಮುಂದೆ ಹೋಗಿ. ಎರಡು ಮಿ.ಮೀ. ಶೀಟು ಚದರ ಮೀಟರಿಗೆ ಮೂರು ಕೆ.ಜಿ.ಯಾದರೂ ತೂಗುತ್ತದೆ. ಕಂಡಕಂಡಲ್ಲಿ ಹೊಡೆಸಿದರೆ ಇಪ್ಪತ್ತು ಕೆ.ಜಿ. ಸುಲಭವಾಗಿ ಏರುತ್ತದೆ, ಹಗುರವೆಂದು ಕೊಂಡ ಗಾಡಿಗೆ ಇದು ಸೇಡು ತೀರಿಸಿಕೊಂಡ ಹಾಗೆ.

ಮೊದಲು ಹಿಂದಿನ ಚಕ್ರದ ಮೇಲ್ಕಮಾನು ಮತ್ತು ಸ್ಟೆಪ್ನಿ ಕೂರುವ ತೊಟ್ಟಿ. ಇವೆರಡೇ ಹಿಂದಿನಿಂದ ಬರುವ ಗಲಾಟೆಯ ಬಾಗಿಲು. ಮೇಲೆ ದಪ್ಪ ಫೆಲ್ಟ್ ಅಥವಾ ಭಾರದ ವಿನೈಲ್ ಹಾಳೆ ಹಾಸಿ. ಅದು ನಿಜವಾಗಿ ತಡೆಯುವ ಗೋಡೆ, ತೂಕ ಇಮ್ಮಡಿಯಾದರೆ 6 ಡೆಸಿಬೆಲ್ ಹತ್ತಿರ ತಡೆ ಹೆಚ್ಚು. ಆಮೇಲೆ ಬಾಗಿಲು, ನೆಲ. ರೂಫ್ ಬಿಟ್ಟುಬಿಡಿ, ಅಲ್ಲಿ ಏರ್‌ಬ್ಯಾಗ್ ಪರದೆ ಇರುತ್ತದೆ, ಮಳೆಯ ಸದ್ದು ಅಷ್ಟಾಗಿ ಯಾರಿಗೂ ಬೇಸರವೂ ಅಲ್ಲ.

ಅಗ್ಗಕ್ಕೆ ಸಿಗುವ ತಾರಿನ ಶೀಟು ಮಾತ್ರ ಬೇಡವೇ ಬೇಡ. ಏಪ್ರಿಲ್ ಬಿಸಿಲಿನಲ್ಲಿ ಮೆತ್ತಗಾಗಿ ಜಾರುತ್ತದೆ, ಗಾಡಿಯೊಳಗೆ ಡಾಂಬರು ಹಾಕುವ ರಸ್ತೆಯ ವಾಸನೆ. ಮೊಟ್ಟೆ ಟ್ರೇ ಆಕಾರದ ಸ್ಟುಡಿಯೋ ಫೋಮಿಗೂ ದುಡ್ಡು ದಂಡ. 200 ಹರ್ಟ್ಜ್ ಸದ್ದಿನ ಅಲೆ 1.7 ಮೀಟರ್ ಉದ್ದ. ಒಂದು ಸೆಂಟಿಮೀಟರ್ ಫೋಮು ಅದಕ್ಕೆ ಸೊಳ್ಳೆಪರದೆಯಿಂದ ಆನೆ ಕಟ್ಟಿದಂತೆ. ಬಾನೆಟ್ ಕೆಳಗೆ ಕಂಪನಿಯದಲ್ಲದ ಫೋಮ್ ತುರುಕಿದರೆ ಬೆಂಕಿಯ ಭಯ ಒಂದು ಕಡೆ, ಇಲಿ ಇನ್ನೊಂದು ಕಡೆ. ಪಕ್ಕದಲ್ಲಿ ಖಾಲಿ ಸೈಟಿದ್ದರೆ ಎರಡೇ ವಾರದಲ್ಲಿ ಬಾಣಂತಿ ಕೋಣೆ ಸಿದ್ಧ.

ಬಾಗಿಲು ಬಿಚ್ಚಿಸುವಾಗ ಎದುರಿಗೇ ನಿಂತು ನೋಡಬೇಕಾದವು ಕೆಲವಿವೆ. ಬಾಗಿಲ ತಳದಲ್ಲಿ ನೀರು ಇಳಿಯುವ ತೂತುಗಳಿರುತ್ತವೆ; ಅವನ್ನು ಮುಚ್ಚಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲು ತೊಟ್ಟಿಯಾಗಿ ತುಕ್ಕು ಹಿಡಿಯುತ್ತದೆ. ನೀರು ಹೀರುವ ಸ್ಪಂಜು ಅಲ್ಲಿ ಹಾಕಿಸಬೇಡಿ. ಹಳದಿ ವೈರು, ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಬ್ಯಾಟರಿ ಬಿಚ್ಚದೆ ಮುಟ್ಟಕೂಡದು. ಕೆಲವು ಗಾಡಿಗಳಲ್ಲಿ ಬಾಗಿಲೊಳಗಿನ ಗಾಳಿಯ ಒತ್ತಡ ನೋಡಿಯೇ ಅಪಘಾತ ಗುರುತಿಸುವ ಸೆನ್ಸರ್ ಇರುತ್ತದೆ, ಅಂಥ ಬಾಗಿಲಿನ ತೂತುಗಳನ್ನು ಸಿಕ್ಕಂತೆ ಮುಚ್ಚುವುದು ಅಪಾಯ. ಹಿಂದಿನ ಬಂಪರಿನ ಒಳಗೆ ಗಾಳಿ ಹೊರಹೋಗುವ ರಬ್ಬರ್ ರೆಕ್ಕೆಗಳಿರುತ್ತವೆ. ಅವನ್ನೂ ಶೀಟಿನಿಂದ ಬಿಗಿದರೆ ಬಾಗಿಲು ಹಾಕಿದಾಗಲೆಲ್ಲ ಕಿವಿ ಗಪ್ ಎನ್ನುತ್ತದೆ, ಎ.ಸಿ. ಗಾಳಿಯೂ ಸರಿಯಾಗಿ ಬೀಸುವುದಿಲ್ಲ. ಅಂಟಿಸುವ ಮುನ್ನ ಸ್ಪಿರಿಟ್ಟಿನಿಂದ ಒರೆಸಿ, ಉಬ್ಬು ಉಳಿಯದಂತೆ ರೋಲರ್ ತಿಕ್ಕಬೇಕು. ತಣ್ಣನೆಯ ಬೆಳಿಗ್ಗೆಗಿಂತ ಮಧ್ಯಾಹ್ನ ಚೆನ್ನಾಗಿ ಹಿಡಿಯುತ್ತದೆ.

ಸೈಲೆನ್ಸರಿನ ‘ಬೂಂ’ಗೆ ಶೀಟು ಪರಿಹಾರವಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ 2,500 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 83 ಸಲ ಉರಿಯುತ್ತದೆ, ಆ 83 ಹರ್ಟ್ಜ್ ಪೆಟ್ಟಿಗೆಯಂಥ ಕ್ಯಾಬಿನ್ನಿನಲ್ಲಿ ಕೂತುಬಿಡುತ್ತದೆ. ಮೇಲಿನ ಗೇರಿಗೆ ಹೋಗಿ ಸುತ್ತು ಬದಲಿಸಿ. ಹೊರಗಿನ ಸೈಲೆನ್ಸರ್ ಹಾಕಿಸಿದ್ದರೆ ಕಂಪನಿಯದನ್ನೇ ವಾಪಸ್ಸು ಹಾಕಿಸಿ, ನೆರೆಯವರೂ ಹರಸುತ್ತಾರೆ. ಹಿಂದಿನ ಮಾಲೀಕರು ಪಾಲಿಯುರಥೇನ್ ಬುಶ್ಶು ಹಾಕಿಸಿದ್ದರೆ ಅದನ್ನೂ ತೆಗೆದು ರಬ್ಬರಿನದಕ್ಕೆ ಮರಳಿ.

ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು ಓಡಿಸುವ ಉಪಾಯವನ್ನು ಹಲವರು ಹೇಳುತ್ತಾರೆ. ಪಕ್ಕದವರು ಹಾಕಿಕೊಳ್ಳಲಿ, ಓಡಿಸುವವರು ಬೇಡ; ಆಂಬುಲೆನ್ಸ್, ಹಿಂದಿನ ಲಾರಿಯ ಹಾರನ್ನು ಕೇಳಿಸಲೇಬೇಕು. ಅದಕ್ಕಿಂತ ವೇಗ ಇಳಿಸುವುದು ಪುಕ್ಕಟೆ. ಮೈಸೂರು ಹೆದ್ದಾರಿಯಲ್ಲಿ ಮಿತಿ ಹೇಗೂ 100. ಕ್ಯಾಮೆರಾಗಳು ಕಾದಿರುತ್ತವೆ, 130 ದಾಟಿದರೆ 2024ರ ಆಗಸ್ಟ್‌ನಿಂದ ಕೇಸೇ ಬೀಳುತ್ತದೆ. 120ರಿಂದ 100ಕ್ಕೆ ಬಂದರೆ ಗಾಳಿಯ ಸದ್ದು ಐದು ಡೆಸಿಬೆಲ್‌ನಷ್ಟು ಇಳಿಯಿತು. ಯಾವ ಶೀಟೂ ಇಷ್ಟು ಕೊಡುವುದಿಲ್ಲ.

ಅಲೈನ್‌ಮೆಂಟು, ಹದಿನೇಳರ ರಿಮ್ಮು, ಟೂರಿಂಗ್ ಟೈರು, ಕವರಿನ ಆರು ಕ್ಲಿಪ್ಪು, ಒಂದು ಗ್ರಾಮೆಟ್ಟು. ಇಷ್ಟು ಮುಗಿಸಿ ಮೊನ್ನೆ ಮತ್ತೆ ಹಾಸನಕ್ಕೆ ಹೊರಟಾಗ ಫೋನಿನಲ್ಲಿ ಮೊದಲಿಗಿಂತ ಐದಾರು ಡೆಸಿಬೆಲ್ ಕಡಿಮೆ ಕಂಡಿತು. ಕುಣಿಗಲ್ ಬಂತು. ನನ್ನಾಕೆ ಮಾತು ನಿಲ್ಲಿಸಿ ಕಿವಿಗೊಟ್ಟಳು. ‘ರೀ, ಏನೋ ಟಿಕ್ ಟಿಕ್ ಅಂತಿದೆಯಲ್ಲ?’ ದೊಡ್ಡ ಸದ್ದು ಹೋದ ಮೇಲೆ ಅದರ ಮರೆಯಲ್ಲಿದ್ದ ಚಿಕ್ಕವು ಹೊರಬರುತ್ತವೆ, ಇದಕ್ಕೆ ಸಿದ್ಧರಾಗಿರಿ. ಗ್ಲವ್ ಬಾಕ್ಸಿನ ಚಿಲ್ಲರೆ, ಸೀಟ್ ಬೆಲ್ಟಿನ ಬಕಲು, ಡ್ಯಾಶ್‌ಬೋರ್ಡಿನ ಗಣಪತಿ ಒಂದೊಂದನ್ನೇ ಕೈಯಲ್ಲಿ ಒತ್ತಿ ಹಿಡಿದು ನೋಡುತ್ತಾ ಹೋದೆವು. ಯಾವುದೂ ಅಲ್ಲ. ಹಿರೀಸಾವೆ ಹತ್ತಿರ ಅವಳು ಎಡ ಬಾಗಿಲ ಸ್ಪೀಕರ್ ಜಾಲರಿಯ ಮೇಲೆ ಹೆಬ್ಬೆರಳಿಟ್ಟಳು, ನಿಂತಿತು. ಬೆರಳು ತೆಗೆದಳು, ಟಿಕ್ ಟಿಕ್. ಬಟ್ಟೆಯ ಟೇಪು ಮನೆಯಲ್ಲಿದೆ. ಭಾನುವಾರ ಆ ಜಾಲರಿ ಬಿಚ್ಚಬೇಕು.